ದೂಜಣ್ಣ ಮತ್ತೆ ಟೆರೇಸಿಗೆ ಹೋದದ್ದು ಯಾಕೆ

ಮುಂಬಯಿಯಲ್ಲಿ ಆಲಿಕಲ್ಲು ಬೀಳುವುದೂ ಒಂದೇ, ಕಾಗೆ ಬೆಳ್ಳಗಾಗುವುದೂ ಒಂದೇ. ಹಾಗಾಗಿ ಮೇ ತಿಂಗಳ ಆ ಭಾನುವಾರ ಆಲಿಕಲ್ಲು ಸುರಿಸಿದ ಗುಡುಗು ಗಾಳಿ ಕಳೆದು ವಾರಗಳಾದರೂ ಜೋಗೇಶ್ವರಿಯ ಆ ಹಳೆಯ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಸಂಜೆಯಾದರೆ ಅದೇ ಮಾತು. ಒಬ್ಬರದು ಲೋಕಲ್ ರೈಲು ನಿಂತುಹೋದ ಕತೆ, ಇನ್ನೊಬ್ಬರದು ರಿಕ್ಷಾದ ಗಾಜು ಒಡೆದ ಕತೆ. ಹೇಳಿದಷ್ಟೂ ಕಲ್ಲುಗಳು ದೊಡ್ಡವಾಗುತ್ತಿದ್ದವು. ನೆಲ್ಲಿಕಾಯಿ ಗಾತ್ರದ್ದು ಲಿಂಬೆಯಾಗಿ, ಲಿಂಬೆ ಮೂಸಂಬಿಯಾಗುವ ಹೊತ್ತಿಗೆ ಸೇವಂತಿ ಕೆಲಸ ಮುಗಿಸಿ ಬರುತ್ತಿದ್ದಳು. ಎಲ್ಲರ ಬಾಯಿಗೂ ಬೀಗ ಬೀಳುತ್ತಿತ್ತು.

ಬೀಳದೆ ಏನಾದೀತು? ಆ ಗಾಳಿ ಅವಳ ಗಂಡನನ್ನೇ ತಿಂದಿತ್ತು. ಪಕ್ಕದ ಶೆಡ್ಡಿನ ತಗಡು ಹಾರಿಬಂದು ಟೆರೇಸಿನಲ್ಲಿದ್ದ ದೂಜನ ತಲೆಗೆ ಬಡಿದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ದೂಜ ಉಡುಪಿ ಕಡೆಯವನು. ಆಫೀಸುಗಳೇ ತುಂಬಿದ ಫೋರ್ಟಿನ ಒಂದು ಹೋಟೆಲಿಗೆ ಕಪ್ಪು ಬಸಿ ತೊಳೆಯಲು ಸೇರಿ, ಚಾ ಮಾಡುವವನಾಗಿ, ಆ ಒಲೆಯ ಮುಂದೆಯೇ ತಲೆ ನರೆಸಿಕೊಂಡವನು. ಭಾನುವಾರ ಆಫೀಸುಗಳಿಗೆ ರಜೆ, ಹೋಟೆಲಿಗೂ ರಜೆ. ಆ ದಿನ ಅವನು ಇಡೀ ಬಿಲ್ಡಿಂಗಿನ ಆಳು. ಯಾರದೋ ಗ್ಯಾಸ್ ಸಿಲಿಂಡರ್ ಮೇಲೆ ಹೊರುವುದು, ಯಾರದೋ ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು. ತನ್ನ ಮನೆಯ ನಲ್ಲಿ ಮಾತ್ರ ತಿಂಗಳುಗಟ್ಟಲೆ ಸೋರುತ್ತಿರಬೇಕು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಸೇವಂತಿ ಬೈದರೆ ನಗುತ್ತಿದ್ದ. ಒಳಗೊಳಗೆ ಅವಳಿಗೂ ಹೆಮ್ಮೆಯೇ ಇತ್ತು. ಇದ್ದಾಗ ಅದನ್ನು ಹೇಳಲಿಲ್ಲ.

ಗಾಳಿ ಎದ್ದರೆ ಮನೆಯಲ್ಲಿದ್ದವರು ಟೆರೇಸಿಗೆ ಓಡಿ ಎಲ್ಲರ ಬಟ್ಟೆಯನ್ನೂ ತರುವುದು ಅಲ್ಲಿನ ವಾಡಿಕೆ. ಆ ದಿನ ದೂಜ ಅದನ್ನು ಮಾಡಿಯೂ ಆಗಿತ್ತು. ಬಟ್ಟೆಗಳೆಲ್ಲ ಅವರವರ ಬಾಗಿಲಲ್ಲಿ ಇದ್ದವು. ಘಾಟ್ಕೋಪರಿನಲ್ಲಿ ಒಂದು ನಾಮಕರಣದ ಅಡುಗೆಗೆ ಪೂರಿ ಲಟ್ಟಿಸಲು ಹೋಗಿದ್ದ ಸೇವಂತಿ, ಕಲ್ಲು ಬೀಳತೊಡಗಿದ್ದೇ ಹಿಟ್ಟಿನ ಕೈಯಲ್ಲೇ ಅವನಿಗೆ ಫೋನ್ ಮಾಡಿದ್ದಳು, ಹೊರಗೆ ಕಾಲಿಡಬೇಡಿ ಎನ್ನಲು. ಅವನು ಎತ್ತಲಿಲ್ಲ.

ಬಟ್ಟೆ ತಂದಾದ ಮೇಲೆ, ಆ ಕಲ್ಲಿನ ಮಳೆಯಲ್ಲಿ, ಮತ್ತೆ ಯಾಕೆ ಹತ್ತಿದ? ಇದೊಂದೇ ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು. ಮಗಳು ಯಕ್ಷಿತಾ, "ಪಪ್ಪಾ ಆಲಿಕಲ್ಲು ನೋಡ್ಲಿಕ್ಕೆ ಹೋಗಿರ್ಬೇಕು ಅಮ್ಮ. ಛೋಡೋ ನಾ ಅಬ್, ಬಿಟ್ಬಿಡು" ಎನ್ನುತ್ತಿದ್ದಳು. ಇದಕ್ಕಿಂತ ಸಂಕಟದ ಉತ್ತರ ಬೇರೆ ಇರಲಿಲ್ಲ. ಮದುವೆಗೆ ಬಂದ ಮಗಳಿರುವ ಗಂಡಸು ಐಸ್ ಹೆಕ್ಕಲು ಹೋಗಿ ಸತ್ತನೇ? ಉತ್ತರಕ್ರಿಯೆಯ ಬೊಜ್ಜದ ದಿನ ಅವನ ಹೆಸರಿನ ಎಡೆ ಬಡಿಸುವಾಗಲೂ ಮನಸ್ಸಿನಲ್ಲೇ ಬೈದಳು. ಬೈದದ್ದಕ್ಕೆ ಆಮೇಲೆ ತನ್ನನ್ನೇ ಹಳಿದುಕೊಂಡಳು.

ಒಂದು ಸಂಜೆ ಮನೆಗೆ ಹೋಗದೆ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು.

"ನನ್ನನ್ನು ಕಂಡ ಕೂಡ್ಲೆ ಮಾತು ನಿಲ್ಲಿಸ್ಬೇಡಿ ಮಾರಾಯ್ರೆ. ನಂಗೂ ಕೇಳ್ಬೇಕು."

ಹೂ ಮಾರುವ ವಿಜಯಪುರದ ಮಲ್ಲವ್ವ ಧೈರ್ಯ ಮಾಡಿದಳು. "ಏನ್ ಹೇಳ್ಲಿ ಯವ್ವಾ. ಸ್ಟೇಷನ್ ಹತ್ರ ಬುಟ್ಟಿ ತಲಿ ಮ್ಯಾಲ ಬೋರಲ ಹಾಕ್ಕೊಂಡ್ ನಿಂತಿದ್ದೆ. ಮಲ್ಲಿಗಿ ಎಲ್ಲಾ ಗಟಾರದಾಗ ಹೋತು. ಮನಿಗೆ ಬಂದ್ರ ನನ್ನ ಕೌದಿ ಬಾಗಲ್ದಾಗ ಬೆಚ್ಚಗ ಕುಂತಿತ್ತು. ಅಣ್ಣಾರು ತಂದಿಟ್ಟಿದ್ರು. ಅದನ್ನ ಹೊದ್ಕೊಳ್ಳಾಕ ಇನ್ನೂ ಮನಸ್ಸು ಬರವಲ್ದು."

"ಅದು ಗೊತ್ತುಂಟು ಮಲ್ಲವ್ವ. ಪುನಃ ಎಂತಕ್ಕೆ ಹೋದದ್ದು ಅಂತ ಯಾರಿಗಾದ್ರೂ ಗೊತ್ತುಂಟಾ?"

ಎದುರು ಮನೆಯ ಕೌಸಲ್ಯಾ ಒಳಗೆ ಹೋಗಲು ಎದ್ದವಳು ಹಾಗೆಯೇ ಗೋಡೆ ಹಿಡಿದು ನಿಂತಳು. ಮೈಸೂರಿನವಳು, ಬ್ಯಾಂಕಿನ ತಿರುಮಲೇಶನ ಹೆಂಡತಿ. ಮುಂದಿನ ತಿಂಗಳು ಮಗಳು ಧಾತ್ರಿಯ ಮದುವೆ.

"ನಾನೇ ಕಳಿಸಿದ್ದು ಸೇವಂತಮ್ಮ" ಎಂದಳು. "ಮದುವೆಗೆ ಅಂತ ಸಂಡಿಗೆ ಇಟ್ಟಿದ್ದೆ. ಮಡಿಯಲ್ಲಿ ಮಾಡಿದ್ದು, ಎಲ್ಲರ ಬಟ್ಟೆ ತಾಗತ್ತೆ ಅಂತ ನೀರಿನ ಟ್ಯಾಂಕ್ ಮೇಲೆ ಎರಡು ಪ್ಲಾಸ್ಟಿಕ್ ಹಾಳೆಯಲ್ಲಿ ಹರಡಿದ್ದೆ. ದೂಜಣ್ಣನ ಕಣ್ಣಿಗೆ ಬಿದ್ದಿರಲಿಲ್ಲ. ನಾವು ಸೀರೆ ತರೋಕೆ ದಾದರ್‌ಗೆ ಹೋಗಿದ್ವಿ. ಮೋಡ ನೋಡಿ ಫೋನ್ ಮಾಡ್ದೆ. ಮದುವೆ ಸಂಡಿಗೆ ನೆನೆಯಬಾರದು, ಅಪಶಕುನ, ಸ್ವಲ್ಪ ತೆಗೀರಿ ಅಂದೆ. ಇಲ್ಲಿ ಕಲ್ಲು ಬೀಳ್ತಿದೆ ಅಂತ ನನಗೆ ಗೊತ್ತಿರಲಿಲ್ಲ ಕಣ್ರಿ. ಅವರೂ ಹೇಳಲಿಲ್ಲ. ಆಯ್ತಮ್ಮ, ಈಗ ತೆಗಿತೇನೆ ಅಂದ್ರು."

ಸೇವಂತಿಗೆ ಆ ಕ್ಷಣ ಅವಳ ಜುಟ್ಟು ಹಿಡಿದು ಜಗ್ಗಬೇಕೆನಿಸಿತು. ಮಡಿಯಂತೆ. ಶಕುನವಂತೆ. ತನ್ನ ಹಣೆಯ ಕುಂಕುಮ ಅಳಿಸಿದ್ದು ಯಾವ ಶಕುನವೋ. ಆದರೆ ಅವಳ ಬಾಯಿಂದ ಬಂದದ್ದು ಬೇರೆ.

"ಸಂಡಿಗೆ ಒದ್ದೆ ಆಯ್ತಾ?"

"ಇಲ್ಲ. ಒಂದು ಹಾಳೆಯದ್ದನ್ನ ಟೆರೇಸ್ ಬಾಗಿಲ ಒಳಗೆ ತಂದಿಟ್ಟಿದ್ರು. ಇನ್ನೊಂದನ್ನ ತರೋಕೆ ಹೋದಾಗಲೇ ಆ ತಗಡು..." ಕೌಸಲ್ಯಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ನನ್ನ ಫೋನ್ ನಿಮ್ಮದಕ್ಕಿಂತ ಮೊದಲು ಹೋಗಿದ್ರೆ ಸಾಕಿತ್ತು" ಎಂದಳು ಸೇವಂತಿ. "ಹೆಂಡತಿ ಮಾತು ಕೇಳುವ ಜನ ಅಲ್ಲ ಅವರು. ಆದ್ರೂ."

"ಉಳಿದದ್ದು ಡಬ್ಬಿಯಲ್ಲಿ ಹಾಗೇ ಇದೆ. ಮುಚ್ಚಳ ತೆಗೆಯೋಕೂ ಆಗ್ತಿಲ್ಲ. ಸಮುದ್ರಕ್ಕೆ ಹಾಕಿಬಿಡ್ತೀನಿ. ಮದುವೆ ಎಲೆಗೆ ಅದನ್ನ ಹೇಗೆ ಬಡಿಸ್ಲಿ?"

ಸೇವಂತಿ ತಲೆಯೆತ್ತಿ ಅವಳನ್ನೇ ನೋಡಿದಳು. ಅವಳಿಗೆ ಸಿಟ್ಟು ಇಳಿದಿರಲಿಲ್ಲ. ಗಂಡ ಹುಡುಗಾಟಕ್ಕೆ ಹೋಗಿ ಸತ್ತದ್ದಲ್ಲ ಎಂಬ ಸಮಾಧಾನವೂ ಆ ಸಿಟ್ಟಿನ ಜೊತೆಗೇ ಬಂದಿತ್ತು.

"ಬಿಸಾಡ್ಬೇಡಿ ಕೌಸಲ್ಯಮ್ಮ. ಬಡಿಸಿ. ಇದ್ದಷ್ಟನ್ನೂ ಬಡಿಸಿ. ಅದನ್ನು ಸಮುದ್ರಕ್ಕೆ ಹಾಕಿದ್ರೆ, ಅವರು ಎಂತಕ್ಕೆ ಹೋದದ್ದು ಅಂತ ನಾನು ಸಾಯುವವರೆಗೆ ಕೇಳ್ತಾ ಇರ್ಬೇಕಾಗ್ತದೆ."

ಇಷ್ಟು ಹೇಳಿ, ಬೊಜ್ಜದ ದಿನವೂ ನೆಂಟರೆದುರು ಅಳದ ಹೆಂಗಸು, ಬಿಲ್ಡಿಂಗಿಗೆಲ್ಲ ಕೇಳುವಂತೆ ಅತ್ತುಬಿಟ್ಟಳು.