ಬಿಚ್ಚಿದ ಸೀರೆ

ಕಥೆ ಕಟ್ಟಲು ನನಗೆ ಬರುವುದಿಲ್ಲ. ಬನಹಟ್ಟಿಯಲ್ಲಿ ಹುಟ್ಟಿ ಬೆಳೆದವಳು ನಾನು, ಬರುವುದು ಸೀರೆ ನೇಯುವುದೊಂದೇ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಇದು ನಮ್ಮ ಮಗ್ಗದ ಮುಂದೆಯೇ ನಡೆದದ್ದು.

ನನ್ನ ಗಂಡ ಈರಣ್ಣ ಹೋದ ವರ್ಷ ತೀರಿಕೊಂಡರು. ಮರುದಿನದ ಮದುವೆಗೆ ಸೀರೆ ಮುಟ್ಟಿಸಲು ಸಂಜೆ ಬೈಕ್ ಹತ್ತಿ ಮುಧೋಳಕ್ಕೆ ಹೊರಟವರು, ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬಡಿದರು. ಅವರ ಮಗ್ಗದ ಮೇಲೆ ಅರ್ಧ ನೇಯ್ದ ಇನ್ನೊಂದು ಸೀರೆ ಹಾಗೆಯೇ ಉಳಿಯಿತು. ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ.

ವರ್ಷ ಕಳೆದ ಮೇಲೆ, ಮುಗಿಸಿಯೇ ಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿದೆ. ಮೈದುನ ಮಲ್ಲು ನೂಲಿನ ಗಂಟು ಹೊತ್ತು ಎರಡೆರಡು ಮೆಟ್ಟಿಲು ಹಾರುತ್ತ ಬಂದ. ಎರಡು ಮಕ್ಕಳ ತಂದೆಯಾದರೂ ಮೊಬೈಲ್ ಹುಚ್ಚು ಬಿಟ್ಟವನಲ್ಲ.

“ವೈನಿ, ಕಾಲದಾಗ ಹಿಂದ ಹೋಗಾಕ ಬರತೈತಂತ. ಈ ವಿಡಿಯೋದಾಗ ಹೇಳಾಕತ್ತಾರ. ಹಂಗ ಬಂದ್ರ ನೀವೇನ್ ಮಾಡ್ತೀರಿ?”

“ಮೊದಲ ನಿನ್ನ ಫೋನ್ ಬಾವ್ಯಾಗ ಒಗದು ಬರ್ತೇನಿ. ನಡಿ ಇಲ್ಲಿಂದ,” ಎಂದೆ. ಅವನು ನಗುತ್ತ ಹೋದ. ಮಾತು ಮಾತ್ರ ನನ್ನೊಳಗೆ ಕೂತಿತು.

ದೀಪ ಹಚ್ಚುವ ಹೊತ್ತು. ಸೀರೆಯಲ್ಲಿ ನಾಲ್ಕು ಬೆರಳು ಹಿಂದೆ ಒಂದು ತಪ್ಪು ಕಂಡಿತು. ಆ ಸಂಜೆ ನಮ್ಮವರು ಹೊರಡುವ ಅವಸರದಲ್ಲಿ ನೇಯ್ದದ್ದು. ತಪ್ಪು ಕಂಡರೆ ನಾವು ಮುಂದೆ ಹೋಗುವುದಿಲ್ಲ. ಮಗ್ಗವನ್ನು ಹಿಂದಕ್ಕೆ ತಿರುಗಿಸಿ, ಅಡ್ಡ ನೂಲನ್ನು ಎಳೆ ಎಳೆಯಾಗಿ ಬಿಚ್ಚಿ, ತಪ್ಪಿನ ತನಕ ಹೋಗಿ ಮತ್ತೆ ನೇಯುತ್ತೇವೆ. ನಾನೂ ಬಿಚ್ಚತೊಡಗಿದೆ.

ಒಂದು ಎಳೆ... ಇನ್ನೊಂದು...

ಓಣಿಯ ಮಗ್ಗಗಳ ಸದ್ದು ಒಮ್ಮೆಲೇ ನಿಂತಿತು. ಕರೆಂಟು ಹೋಯಿತೆಂದು ತಲೆ ಎತ್ತಿದರೆ ಬಲ್ಬು ಉರಿಯುತ್ತಲೇ ಇತ್ತು. ಮೂಗಿಗೆ ಪೆಟ್ರೋಲು, ಎಲೆಯಡಿಕೆ, ಅವರು ತಲೆಗೆ ಹಚ್ಚುತ್ತಿದ್ದ ಎಣ್ಣೆಯ ವಾಸನೆ ಬಡಿಯಿತು.

“ಬರ್ತೇನ್ ಶಾಂತಾ.”

ಬಾಗಿಲಲ್ಲಿ ಅವರು ನಿಂತಿದ್ದರು. ಬಗಲಲ್ಲಿ ಸೀರೆಯ ಗಂಟು, ಒಂದು ಕಾಲು ಹೊಸ್ತಿಲ ಮೇಲೆ. ಅದೇ ಅಂಗಿ, ಅದೇ ಸಂಜೆ.

ಮಗ್ಗ ಬಿಟ್ಟು ಎದ್ದೆ. ಇವರನ್ನು ಉಳಿಸಿಕೊಳ್ಳಬಹುದು... ಅದೊಂದೇ ತಲೆಯಲ್ಲಿ.

“ಇವತ್ತ ಹೋಗಬ್ಯಾಡ್ರಿ...”

“ನಾಳೆ ಮುಂಜಾನಿ ಮದುವಿ ಅಕ್ಕಿಕಾಳ ಐತಿ. ಮದಿಮಗಳು ಏನ್ ಉಡಬೇಕು?”

“ಅಲ್ರೀ, ದಾರ್ಯಾಗ...”

ಸಾಯುತ್ತೀರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ದೀಪ ಹಚ್ಚುವ ಹೊತ್ತಿನಲ್ಲಿ, ಹೊಸ್ತಿಲು ದಾಟುವವರಿಗೆ ನಮ್ಮಲ್ಲಿ ಅಂಥ ಮಾತು ಆಡುವುದಿಲ್ಲ. ಆಡಿದರೆ ಹಾಗೇ ಆಗುತ್ತದೆಂದು ಸಣ್ಣವಳಿದ್ದಾಗಿನಿಂದ ಕೇಳಿದವಳು ನಾನು. ಆಗುವುದೇನೆಂದು ಗೊತ್ತಿದ್ದೂ ಬಾಯಿ ಬರಲಿಲ್ಲ. ಎಂಥ ಮೂರ್ಖಳು ನಾನು! ಬಿಕ್ಕಿ ಬಿಕ್ಕಿ ಅಳುತ್ತ ಬೇರೆಯದನ್ನೇ ಹೇಳಿದೆ.

“ಒಬ್ಬರ ಹೋಗಬ್ಯಾಡ್ರಿ. ಮಲ್ಲುನ್ನರ ಜೋಡಿ ಕರಕೊಂಡ ಹೋಗ್ರಿ.”

ಇಬ್ಬರಿದ್ದರೆ ದಾರಿ ನೋಡಲು ನಾಲ್ಕು ಕಣ್ಣು. ಅಷ್ಟೇ ನನ್ನ ಲೆಕ್ಕ.

“ಆತ ಬಿಡ, ಕರಕೊಂಡ ಹೋಗ್ತೇನಿ. ಅಳಬ್ಯಾಡ.”

ಕಣ್ಣೊರೆಸಿಕೊಂಡು ನೋಡಿದರೆ ಬಾಗಿಲು ಖಾಲಿ. ಓಣಿಯ ಮಗ್ಗಗಳು ಖಟ್ ಖಟ್ ಎನ್ನುತ್ತಿದ್ದವು. ಗೋಡೆಯ ಮೇಲೆ ಅವರ ಫೋಟೊ, ಅದಕ್ಕೆ ಹಾರ. ಕನಸು ಕಂಡೆನೆಂದು ಗೋಡೆಗೆ ಒರಗಿ ಅತ್ತೆ.

ಆಗ ಮೆಟ್ಟಿಲ ಮೇಲೆ ಸದ್ದು. ಟಕ್... ಸರ್ರ್... ಟಕ್... ಯಾರೋ ಕೋಲೂರಿ, ಕಾಲೆಳೆಯುತ್ತ ಹತ್ತುತ್ತಿದ್ದರು.

ಮಲ್ಲು! ಬಗಲಲ್ಲಿ ಊರುಗೋಲು. ಬಲಗಾಲು ಸೊರಗಿ ಜೋತಾಡುತ್ತಿತ್ತು.

“ಏನಾತೋ ಕಾಲಿಗೆ?”

ಅವನು ವಿಚಿತ್ರವಾಗಿ ನೋಡಿದ. “ಏನ್ ಹಿಂಗ ಕೇಳ್ತೀರಿ ವೈನಿ? ಹೋದ ವರ್ಷ ಅಣ್ಣನ ಜೋಡಿ ಬಿದ್ದದ್ದು ಅಲ್ಲೇನ್ರಿ?”

ಅವನ ಹೆಂಡತಿಯನ್ನು ಕೇಳಿದೆ, ಓಣಿಯವರನ್ನು ಕೇಳಿದೆ. ಎಲ್ಲರಿಗೂ ಆ ಕಾಲು ವರ್ಷದಿಂದ ಹಾಗೆಯೇ. ಮೆಟ್ಟಿಲು ಹಾರುತ್ತ ಬಂದ ಮಲ್ಲು ನನ್ನೊಬ್ಬಳಿಗೇ ನೆನಪು. ನನಗೇ ಹುಚ್ಚು ಹಿಡಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊನ್ನೆ ಊಟಕ್ಕೆ ಬಡಿಸುವಾಗ ಮಲ್ಲು ದನಿ ತಗ್ಗಿಸಿ ಕೇಳಿದ.

“ವೈನಿ, ಒಂದ ಮಾತು... ಆವತ್ತ ಗಾಡಿ ಮ್ಯಾಲ ಅಣ್ಣ ಅಂದ, ‘ನಿಮ್ಮ ವೈನಿ ಇವತ್ತ ನಾ ಸತ್ತೇ ಹೋದ್ನೇನೋ ಅನ್ನೂಹಂಗ ಅಳಾಕತ್ತಿದ್ಲಪಾ, ಯಾಕ?’ ಅಂತ. ಹಂಗ ಕೇಳಕೋಂತ ನನ್ನ ಕಡೆ ಹೊಳ್ಳಿದ... ಅಷ್ಟರಾಗ ನಿಂತಿದ್ದ ಟ್ರ್ಯಾಕ್ಟರಿಗೆ ಬಡದ್ವಿ. ಖರೆ ಹೇಳ್ರಿ ವೈನಿ, ನಿಮಗ ಮೊದಲ ಗೊತ್ತಿತ್ತೇನು?”

ಅವನ ತಾಟಿಗೆ ಮತ್ತೊಂದು ರೊಟ್ಟಿ ಹಾಕಿ ಒಳಗೆ ಹೋದೆ. ಅವನು ಮತ್ತೆ ಕೇಳಿಲ್ಲ... ಆದರೆ ನನ್ನನ್ನು ನೋಡುವ ರೀತಿ ಬದಲಾಗಿದೆ.