ಎರಡು ತೋಳಿನಷ್ಟು ಅಗಲ

ಆ ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡಿಸುತ್ತಿದ್ದೆ. ಆಗ ಕಂಪ್ಲಿಯ ನಮ್ಮ ಬೀದಿಯಲ್ಲಿದ್ದ ಗಾಡಿ ಎಲೆಕ್ಟ್ರಿಷಿಯನ್, ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದ. ಹೊಸದಾಗಿ ಬಾಡಿ ಕಟ್ಟಿಸಿದ ನಮ್ಮ ಪಿಕಪ್‌ನ ನೆತ್ತಿಗೆ ದೀಪ ಹಾಕಬೇಕಿತ್ತು. ಮಧ್ಯಾಹ್ನ ಯಜಮಾನರು ಅಕ್ಕಿ ಹೇರಿಕೊಂಡು, ಅದಿರು ಲಾರಿಗಳ ಧೂಳಿನಲ್ಲಿ ಸಂಡೂರಿಗೆ ಹೊರಡುವವರಿದ್ದರು.

"ನೀಲಿ ಹಾಕಪಾ, ಮಸ್ತ್ ಕಾಣ್ತಾವ," ಎಂದರು ಇವರು.

"ಚಂದಕ್ಕಲ್ರೀ, ಅಳತಿಗೆ," ಎಂದ. ಯಾರ ಗಾಡಿಯಾದರೂ ಅವನದು ಅದೇ ಮಾತು. "ಮುಂದ ಬಿಳಿ, ಹಿಂದ ಕೆಂಪು, ರೂಲ್ಸ್ ಐತ್ರಿ. ಗಾಡಿ ಎಷ್ಟ್ ಅಗಲ, ಎಷ್ಟ್ ಎತ್ತರ ಅಂತ ಎದುರಿನಾಂವಗ ದೂರದಿಂದ್ಲೇ ತಿಳೀಬೇಕು."

ದೀಪ ಕೂರಿಸಿದ ಮೇಲೆ ಗಾಡಿಯ ಮನೆಯವರಲ್ಲೊಬ್ಬರನ್ನು ಬೀದಿಯ ಕೊನೆಗೆ ಕಳಿಸಿ ನೋಡಿಸುವುದು ಅವನ ಪದ್ಧತಿ; ಆ ದಿನ ನಾನು ಹೋಗಿ ನಿಂತೆ.

"ಅಕ್ಕಾರ, ಬರೇ ದೀಪ ನೋಡಿದ್ರ ಗಾಡಿ ಎಷ್ಟ್ ಅಗಲ ಅನಸ್ತೈತಿ? ಕೈ ಚಾಚಿ ತೋರಸ್ರಿ!"

ಕಾನ್ವೆಂಟಿನ ಡ್ರಿಲ್‌ನಲ್ಲಿ ನಿಂತಂತೆ ತೋಳು ಚಾಚಿದೆ. ಆಗಲೇ ಕಣ್ಣಿಗೆ ಬಿತ್ತು: ದೀಪಗಳು ಕ್ಯಾಬಿನ್ನಿನ ಅಂಚಿಗಿದ್ದವು, ಹಿಂದಿನ ಬಾಡಿ ಎರಡೂ ಬದಿಗೆ ಒಂದೊಂದು ಗೇಣು ಹೊರಗಿತ್ತು!

"ನಿನ್ನ ದೀಪ ಸುಳ್ಳು ಹೇಳ್ತಾವಪ್ಪಾ!" ಎಂದು ಕೂಗಿದೆ.

ಅವನು ಓಡಿ ಬಂದು ನನ್ನ ಪಕ್ಕ ನಿಂತು ನೋಡಿದ. ಚಪ್ಪಾಳೆ ತಟ್ಟಿ ನಕ್ಕುಬಿಟ್ಟ. "ಭಾಳ ಬರೋಬರಿ ಹಿಡದ್ರಿ!" ಎಲ್ಲ ಬಿಚ್ಚಿ, ಬಾಡಿಯ ಮೇಲ್ತುದಿಗಳಿಗೇ ಕೂರಿಸಿದ. ಮತ್ತೆ ಚಾಚಿದಾಗ ನನ್ನ ತೋಳುಗಳೇ ಸಾಲಲಿಲ್ಲ.

ಸಂಜೆ, ಸಂಡೂರಿನ ಕಡೆಯಿಂದ ಬಂದ ಪಕ್ಕದ ಮನೆಯ ಮೇಷ್ಟ್ರು ಸ್ಕೂಟರ್ ನಿಲ್ಲಿಸಿ, ಅಂಗಿಯ ಕೆಂಧೂಳು ಕೊಡವುತ್ತ ಅಂದರು: "ಧೂಳಾಗ ಮ್ಯಾಲಿನ ದೀಪ ಕಂಡು, ದೊಡ್ಡ ಗಾಡಿ ಬಂತಂತ ಮೊದ್ಲೇ ಬದೀಗ ಸರದ್ನಿ. ದಾಟಿದ ಮ್ಯಾಲೆ ನೋಡ್ತೀನಿ, ನಿಮ್ಮನಿ ಪಿಕಪ್ಪು!"