ಆನೆ ಬೇಲಿಗೆ ಕಟ್ಟಿದ ಪೆಡಲ್

ಗಿಟಾರಿನ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ತಂದ ದಿನದಿಂದಲೂ ಸ್ಪೀಕರ್ ಗುಂಯ್ ಎನ್ನುತ್ತಿತ್ತು. ಭಾನುವಾರ ಸಕಲೇಶಪುರದ ಬ್ಯಾಂಡಿನವರು ನನ್ನನ್ನು ಸೇರಿಸಿಕೊಳ್ಳಬಹುದೋ ಎಂದು ನೋಡಲು ಮನೆಗೆ ಬರುವವರಿದ್ದರು. ವೈರು, ಬ್ಯಾಟರಿ ಎಲ್ಲ ಬದಲಿಸಿದೆ. ಪೆಡಲಿಗೆ ಕೈಮುಗಿದೂ ನೋಡಿದೆ.

ಅರ್ಥಿಂಗ್ ಸರಿಯಿಲ್ಲ ಎಂದು ಯಾರೋ ಹೇಳಿದರು. ನಮ್ಮಲ್ಲಿ ಒಳ್ಳೆಯ ಅರ್ಥಿಂಗ್ ಇರುವುದು ಆನೆ ತಡೆಯುವ ಸೋಲಾರ್ ಬೇಲಿಗೆ ಮಾತ್ರ. ಮಹಾಬುದ್ಧಿವಂತ ನಾನು ಶನಿವಾರ ಮಧ್ಯಾಹ್ನ ಸ್ಪೀಕರಿನ ಅರ್ಥ್ ವೈರನ್ನು ನೆಲಕ್ಕೆ ಹೂತ ಅದರ ಅರ್ಥಿಂಗ್ ಕಂಬಿಗೇ ಬಿಗಿದೆ. ಗುಂಯ್ ನಿಂತಿತು. ಹಗಲು ಬೇಲಿ ಆಫ್ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಭಾನುವಾರ ಹತ್ತಿರದ ಮಗ್ಗೆ ಊರಿನ ಕಡೆ ಆನೆ ಬಂದಿವೆಯೆಂದು ಅಪ್ಪ ಹಗಲಲ್ಲೇ ಬೇಲಿ ಆನ್ ಮಾಡಿದ್ದರು. ಬ್ಯಾಂಡಿನವರ ಎದುರು ಪೆಡಲ್ ಒತ್ತಿದೆ. ಬೇಲಿ ಸೆಕೆಂಡಿಗೊಮ್ಮೆ ಬಿಡುವ ಕರೆಂಟು ಸ್ಪೀಕರಿನಲ್ಲಿ ಟಕ್, ಟಕ್. ವೈರು ಕಿತ್ತರೆ ಮತ್ತೆ ಗುಂಯ್.

"ಅಪ್ಪ, ಐದು ನಿಮಿಷ ಬೇಲಿ ಆಫ್ ಮಾಡು."

"ಐದು ನಿಮಿಷ ನಿಂತ್ಕಳಿ ಅಂತ ಆನೆಗೆ ಹೇಳ್ಬುಟ್ಟು ಬಾ, ಮಾಡ್ತೀನಿ."

ಟಕ್ ಟಕ್ ಜೊತೆಯಲ್ಲೇ ನುಡಿಸಿದೆ. ಡ್ರಮ್ ಬಾರಿಸುವವನು ಕಾಫಿ ಲೋಟ ಕೆಳಗಿಟ್ಟ.

"ಬೇಲಿ ಒಂದ್ ಸಲಾನೂ ತಾಳ ತಪ್ಪಲಿಲ್ಲ ಮಾರಾಯ. ತಪ್ಪಿದ್ದು ನೀನೇ ಕಣೋ."

ಅವರಿಂದ ಇನ್ನೂ ಫೋನ್ ಬಂದಿಲ್ಲ.